ಈದ್ ಮುಬಾರಕ್, ನಿನ್ನ ಕಂಪ್ಯೂಟರ್ ಹೇಗಿದೆ?

ಹಬ್ಬದ ದಿನ ಬೆಳಿಗ್ಗೆ ನಮ್ಮೆಲ್ಲರ ಫೋನಿಗೂ ಒಂದೇ ತರಹದ ಸಂದೇಶಗಳು ಬರುತ್ತವೆ. ಈದ್ ಆದರೆ ಚಂದ್ರ ಮತ್ತು ಮಿನಾರು, ಯುಗಾದಿಯಾದರೆ ಮಾವಿನ ತೋರಣ, ದೀಪಾವಳಿಯಾದರೆ ಹಣತೆ, ಕ್ರಿಸ್‌ಮಸ್ ಆದರೆ ನಕ್ಷತ್ರ. ಯಾರೋ ಕಳಿಸಿದ್ದನ್ನು ಇನ್ಯಾರೋ ಮುಂದಕ್ಕೆ ಕಳಿಸಿರುತ್ತಾರೆ. ನಾವೂ ಒಂದು ಇಮೋಜಿ ಒತ್ತಿ ಸುಮ್ಮನಾಗುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಬ್ಬದ ಶುಭಾಶಯದ ಜೊತೆಗೇ "ನಿನ್ನ ಕಂಪ್ಯೂಟರ್ ಸರಿಹೋಯ್ತಾ?" ಎಂದು ಕೇಳುವ ಜನರೂ ಇದ್ದಾರೆ. ಅವರ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ಕಂಪ್ಯೂಟರನ್ನು ಕೆಲಸಕ್ಕೆ ಬಳಸುವವರು ಬೇರೆ, ಹವ್ಯಾಸಕ್ಕಾಗಿ ಬಿಚ್ಚಿ ನೋಡುವವರು ಬೇರೆ. ಕೆಟ್ಟ ಯಂತ್ರ ಕೈಗೆ ಸಿಕ್ಕರೆ ಮೊದಲನೆಯವರಿಗೆ ತಲೆನೋವು, ಎರಡನೆಯವರಿಗೆ ಖುಷಿ. ಈ ಎರಡನೆಯವರಿಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಸಮಯ, ಮತ್ತು ಕೇಳಿದರೆ ಉತ್ತರ ಕೊಡುವ ಒಬ್ಬ ಗೆಳೆಯ. ಸಮಯ ಸಿಗುವುದು ರಜೆಯಲ್ಲಿ. ದೂರದ ಗೆಳೆಯರು ನೆನಪಾಗುವುದೂ ಹಬ್ಬದಲ್ಲೇ. ಅದಕ್ಕೇ ಇರಬೇಕು, ಕಂಪ್ಯೂಟರಿನ ಚರಿತ್ರೆ ಓದಿದರೆ ರಜೆ ಮತ್ತು ಹಬ್ಬದ ಮಾತು ಮತ್ತೆ ಮತ್ತೆ ಬರುತ್ತದೆ.

1989ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರಾಸಮ್ ಎಂಬವರಿಗೆ ಕ್ರಿಸ್‌ಮಸ್ ರಜೆ ಬಂತು. ಅವರು ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಕಚೇರಿಗೆ ಬೀಗ, ಮನೆಯಲ್ಲಿ ಕಂಪ್ಯೂಟರ್, ಮಾಡಲು ಬೇರೆ ಕೆಲಸವಿಲ್ಲ. ಹೊತ್ತು ಹೋಗಲಿ ಎಂದು ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಬರೆಯಲು ಕೂತರು. ಅದೇ ಪೈಥಾನ್. ಹೆಸರು ಬಂದದ್ದು ಹಾವಿನಿಂದಲ್ಲ, ಅವರಿಗೆ ಇಷ್ಟವಾಗಿದ್ದ ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮ 'ಮಾಂಟಿ ಪೈಥಾನ್'ನಿಂದ. 1991ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟರು.

ಅದಕ್ಕೂ ಮೊದಲು, 1978ರ ಜನವರಿಯಲ್ಲಿ, ಅಮೆರಿಕದ ಶಿಕಾಗೊದಲ್ಲಿ ವಿಪರೀತ ಹಿಮ ಬಿದ್ದು ಜನ ಮನೆಯಿಂದ ಹೊರಗೆ ಬರಲಾಗಲಿಲ್ಲ. ಅಲ್ಲಿನ ಕಂಪ್ಯೂಟರ್ ಹವ್ಯಾಸಿಗಳ ಕ್ಲಬ್ಬಿನ ಸದಸ್ಯರಾದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಈ ಬಿಡುವಿನಲ್ಲೇ ಒಂದು ಕೆಲಸ ಶುರುಮಾಡಿದರು. ಕ್ಲಬ್ಬಿನ ಗೋಡೆಯ ಮೇಲೆ ಸದಸ್ಯರು ಚೀಟಿ ಅಂಟಿಸುವ ಒಂದು ನೋಟಿಸ್ ಬೋರ್ಡ್ ಇತ್ತು. ಅದನ್ನೇ ಕಂಪ್ಯೂಟರಿನೊಳಗೆ ಯಾಕೆ ಮಾಡಬಾರದು ಎಂಬುದು ಅವರ ಯೋಚನೆ. ಒಬ್ಬರು ಪ್ರೋಗ್ರಾಂ ಬರೆದರು, ಇನ್ನೊಬ್ಬರು ಯಂತ್ರ ಜೋಡಿಸಿದರು. ಫೆಬ್ರವರಿ 16ಕ್ಕೆ ಅದು ಎಲ್ಲರ ಬಳಕೆಗೆ ತೆರೆಯಿತು. ಮನೆಯ ಕಂಪ್ಯೂಟರಿನಿಂದ ಫೋನ್ ಲೈನ್ ಮೂಲಕ ಕರೆ ಮಾಡಿ ಸಂದೇಶ ಓದಬಹುದು, ಬರೆಯಬಹುದು. ಇದ್ದದ್ದು ಒಂದೇ ಲೈನ್. ಒಮ್ಮೆಗೆ ಒಬ್ಬರು ಮಾತ್ರ ಒಳಗೆ ಹೋಗಬಹುದಿತ್ತು, ಉಳಿದವರು ಕಾಯಬೇಕಿತ್ತು. ಒಂದೇ ಫೋನ್ ಇರುವ ನಮ್ಮಂಥ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಕಥೆ. 1991ರ ಜನವರಿಯಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಅವರು ಒಂದು ಕಂಪ್ಯೂಟರ್ ಕೊಂಡರು. ಕ್ರಿಸ್‌ಮಸ್ಸಿಗೂ ಹುಟ್ಟುಹಬ್ಬಕ್ಕೂ ಸಿಕ್ಕಿದ್ದ ದುಡ್ಡನ್ನು ಅದಕ್ಕೆ ಹಾಕಿದರು, ಉಳಿದದ್ದು ಕಂತು. ಅದರ ಮೇಲೆ ಬರೆದ ಆಪರೇಟಿಂಗ್ ಸಿಸ್ಟಮ್ಮೇ ಲಿನಕ್ಸ್. ಅದೇ ವರ್ಷ ಆಗಸ್ಟ್ 25ರಂದು, ಹವ್ಯಾಸಕ್ಕಾಗಿ ಹೀಗೊಂದು ಮಾಡುತ್ತಿದ್ದೇನೆ, ನಿಮಗೆ ಅದರಲ್ಲಿ ಏನಿದ್ದರೆ ಚೆನ್ನ ಎಂದು ಇತರ ಹವ್ಯಾಸಿಗಳನ್ನು ಕೇಳಿದರು. ಬಳಸಿದವರು ದುಡ್ಡು ಕಳಿಸುತ್ತೇವೆ ಎಂದಾಗ, ದುಡ್ಡು ಬೇಡ, ನಿಮ್ಮ ಊರಿನಿಂದ ಒಂದು ಪೋಸ್ಟ್‌ಕಾರ್ಡ್ ಹಾಕಿ ಎಂದರು. ಬೇರೆ ಬೇರೆ ದೇಶಗಳಿಂದ ಕಾರ್ಡುಗಳು ಬರತೊಡಗಿದವು. ಇಂದು ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸಿನವೇ. ಅದರ ಮೊದಲ ಕೂಲಿ ಪೋಸ್ಟ್‌ಕಾರ್ಡ್!

ಹಬ್ಬದ ದುಡ್ಡಿನಲ್ಲಿ ಕಂಪ್ಯೂಟರ್ ಎಂದು ಓದಿದಾಗ ನನಗೆ ನಗು ಬಂತು, ಏಕೆಂದರೆ ನಮ್ಮ ಮನೆಯ ಕಂಪ್ಯೂಟರಿಗೂ ಈದಿಯ ದುಡ್ಡು ಸೇರಿದೆ.

ನಮ್ಮ ಅಬ್ಬಾದು ಸಣ್ಣ ಕಿರಾಣಿ ಅಂಗಡಿ. ಮನೆಯ ಒಂದೇ ಸ್ಮಾರ್ಟ್‌ಫೋನ್ ಬೆಳಿಗ್ಗೆ ಅವರ ಜೊತೆ ಅಂಗಡಿಗೆ ಹೋಗಿ ರಾತ್ರಿ ಬರುತ್ತದೆ. ಆಮೇಲೆ ಆಪಾ, ತಮ್ಮ, ನಾನು ಸರದಿ. ಆಪಾ ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಅಸೈನ್‌ಮೆಂಟ್ ಟೈಪ್ ಮಾಡಿಸಲು ಪುಟಕ್ಕಿಷ್ಟು ಎಂದು ಸೈಬರ್ ಅಂಗಡಿಗೆ ಕೊಡಬೇಕಿತ್ತು. ಪ್ರತಿ ಸಲ ದುಡ್ಡು ಕೇಳಲು ಅವಳಿಗೆ ಸಂಕೋಚ. ಈ ವರ್ಷ ಫೀಸು ಕಟ್ಟಬೇಡಿ, ಓದು ಬಿಡುತ್ತೇನೆ ಎಂದು ಅವಳು ಅಮ್ಮಿಯ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಹೊಸ ಲ್ಯಾಪ್‌ಟಾಪಿನ ಮಾತೇ ಇರಲಿಲ್ಲ.

ನಮ್ಮ ಮಾಮುಗೆ ಗುಜರಿ ಅಂಗಡಿ ಇದೆ. 2025ರ ರಂಜಾನಿನಲ್ಲಿ ಅಲ್ಲಿಗೆ ಯಾವುದೋ ಆಫೀಸಿನ ಹಳೆಯ ಕಂಪ್ಯೂಟರುಗಳು ತೂಕದ ಲೆಕ್ಕದಲ್ಲಿ ಬಂದಿದ್ದವು. ನನ್ನ ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿತ್ತು. ಒಂದು ಕ್ಯಾಬಿನೆಟ್, ಒಂದು ಮಾನಿಟರ್ ಕೊಡಿ, ನೋಡುತ್ತೇನೆ ಎಂದು ಕೇಳಿದೆ. ಮಾಮು ಕೊಟ್ಟರು, ಆದರೆ ಈದ್ ಆಗಿ ಮೂರನೇ ದಿನ ಬೆಂಗಳೂರಿಗೆ ಲಾರಿ ಹೋಗುತ್ತದೆ, ಅಷ್ಟರಲ್ಲಿ ಚಾಲೂ ಆಗದಿದ್ದರೆ ವಾಪಸ್ ಕೊಡಬೇಕು ಎಂದರು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಒಳಗಿನಿಂದ ಉದ್ದುದ್ದ ಬೀಪ್ ಶಬ್ದ. ಒಂದು ವಾರ ಹೀಗೇ ಹೋಯಿತು.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳು ಈಗ ಬೇರೆ ಊರಿನಲ್ಲಿ ಸೈನ್ಸ್ ಓದುತ್ತಿದ್ದಾಳೆ. ಅವಳ ತಂದೆಗೆ ಫೋಟೊ ಸ್ಟುಡಿಯೋ ಇದೆ, ಕಂಪ್ಯೂಟರ್ ಬಿಚ್ಚುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ. ಊರು ಬಿಟ್ಟ ಮೇಲೆ ನಮ್ಮಿಬ್ಬರ ಮಾತು ಹಬ್ಬದ ಚಿತ್ರ ಕಳಿಸುವುದಕ್ಕೆ ಬಂದು ನಿಂತಿತ್ತು. ಆ ವರ್ಷ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಈದ್. ಯುಗಾದಿ ಶುಭಾಶಯದ ಜೊತೆ ಆ ಬೀಪ್ ಶಬ್ದವನ್ನೂ ರೆಕಾರ್ಡ್ ಮಾಡಿ ಕಳಿಸಿದೆ. ಮರುದಿನ ಅವಳ ಉತ್ತರ ಬಂತು: "ಈದ್ ಮುಬಾರಕ್ ಕಣೆ. ಅದು ರ‍್ಯಾಮ್ ಇರ್ಬೇಕು. ಕರೆಂಟ್ ವೈರ್ ಕಿತ್ತಿಟ್ಟು, ಕ್ಯಾಬಿನೆಟ್ಟಿನ ಕಬ್ಬಿಣ ಒಂದ್ಸಲ ಮುಟ್ಟಿ, ಆಮೇಲೆ ರ‍್ಯಾಮ್ ತೆಗಿ. ಅದರ ಹಳದಿ ಹಲ್ಲುಗಳನ್ನ ರಬ್ಬರಿನಿಂದ ಮೆಲ್ಲಗೆ ಉಜ್ಜು. ಶೀರ್ ಖುರ್ಮಾ ಕುಡಿದ ಕೈಯಲ್ಲಿ ಮುಟ್ಟಬೇಡ!"

ಈದ್ ದಿನ ಮನೆ ತುಂಬ ಜನ. ಬಾಸಿ ಈದ್ ದಿನ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ತಮ್ಮನ ಪೆನ್ಸಿಲ್ ಬಾಕ್ಸಿನಿಂದ ರಬ್ಬರ್ ತೆಗೆದುಕೊಂಡು ಅವಳು ಹೇಳಿದ ಹಾಗೆಯೇ ಮಾಡಿದೆ. ಒಂದೇ ಒಂದು ಸಣ್ಣ ಬೀಪ್, ಪರದೆಯ ಮೇಲೆ ಬಿಳಿ ಅಕ್ಷರ. ನಾನು ಕೂಗಿದ ಕೂಗಿಗೆ ಅಮ್ಮಿ ಹೆದರಿ ಎದ್ದು ಬಂದರು. ಮರುದಿನ ಲಾರಿ ನಮ್ಮ ಕ್ಯಾಬಿನೆಟ್ ಇಲ್ಲದೆ ಹೋಯಿತು. ಆ ವರ್ಷ ನನಗೆ ಸಿಕ್ಕಿದ್ದ ಈದಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಮ್ ಮತ್ತು ಒಂದು ಕೀಬೋರ್ಡ್ ಬಂತು.

ಮುಂದಿನ ಕೆಲಸ ಲಿನಕ್ಸ್ ಹಾಕುವುದು. ಹಳೆಯ ಯಂತ್ರಕ್ಕೆ ಅದು ಹಗುರ, ಮತ್ತು ಉಚಿತ. ಆದರೆ ಅದರ ಫೈಲ್ ದೊಡ್ಡದು, ನಮ್ಮ ಫೋನಿನ ಒಂದು ದಿನದ ಡೇಟಾ ಅದಕ್ಕೆ ಸಾಲದು. ಏಪ್ರಿಲಿನಲ್ಲಿ ಗೆಳತಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಅವಳೇ ಬಣ್ಣ ಹಚ್ಚಿದ ಈದ್ ಕಾರ್ಡ್, ಅದಕ್ಕೆ ಟೇಪಿನಲ್ಲಿ ಅಂಟಿಸಿದ ಪೆನ್‌ಡ್ರೈವ್. ಅದರಲ್ಲಿ ಲಿನಕ್ಸ್ ಮಿಂಟ್. ಹಬ್ಬ ಮುಗಿದು ಎರಡು ವಾರ ಆಗಿದ್ದರೂ ನನಗೆ ಬಂದ ಅತಿ ಒಳ್ಳೆಯ ಈದ್ ಶುಭಾಶಯ ಅದು.

ಇನ್ನೊಂದು ತೊಂದರೆ ಉಳಿದಿತ್ತು. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ತನ್ನನ್ನು ತಾನು ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದುಕೊಳ್ಳುತ್ತಿತ್ತು. ತಾರೀಕು ತಪ್ಪಾದರೆ ವೆಬ್‌ಸೈಟುಗಳೂ ತೆರೆಯುವುದಿಲ್ಲ, ಏಕೆಂದರೆ ಸೈಟಿನ ಭದ್ರತಾ ಪ್ರಮಾಣಪತ್ರ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ದೊಡ್ಡ ಒಂದು ಬ್ಯಾಟರಿ ಇದೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಯುವುದು ಅದರಿಂದ. ವಾಚ್ ಅಂಗಡಿಯಲ್ಲಿ ಅಂಥದ್ದೇ ತಂದು ಹಾಕಿದೆ, ಸರಿಹೋಯಿತು. ಅದೇ ವರ್ಷ ದೀಪಾವಳಿಗೆ ನಾನು ಶುಭಾಶಯ ಕಳಿಸಿದಾಗ ಗೆಳತಿ ಬೇಜಾರಿನಲ್ಲಿದ್ದಳು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಯಾವ ಸೈಟೂ ತೆರೆಯುತ್ತಿರಲಿಲ್ಲ, ಹಬ್ಬದ ಆರ್ಡರ್‌ಗಳೆಲ್ಲ ನಿಂತಿದ್ದವು. "ತಾರೀಕು ಎಷ್ಟು ತೋರಿಸ್ತಿದೆ ನೋಡು" ಎಂದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಬ್ಯಾಟರಿ! ಅಪ್ಪ ನಿನಗೆ ಒಂದು ಡಬ್ಬ ಹೋಳಿಗೆ ಬಾಕಿ ಅಂತಿದ್ದಾರೆ."

ಈಗ ಆಪಾ ಅಸೈನ್‌ಮೆಂಟ್ ಮನೆಯಲ್ಲೇ ಟೈಪ್ ಮಾಡುತ್ತಾಳೆ. ಓದು ಬಿಡುವ ಮಾತು ಮತ್ತೆ ಬಂದಿಲ್ಲ. ಕನ್ನಡ ಕೀಬೋರ್ಡ್ ಇದೆ. ಉರ್ದುವಿಗೆ ನಸ್ತಾಲೀಖ್ ಫಾಂಟ್ ಹಾಕಿದ ದಿನ ಅಮ್ಮಿ ತಮ್ಮ ಹೆಸರನ್ನು ಪರದೆಯ ಮೇಲೆ ನೋಡಿ, ಕೈಯಿಂದ ಬರೆದ ಹಾಗೇ ಇದೆಯಲ್ಲ ಎಂದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ಅಬ್ಬಾ ಮಾತ್ರ ಮೊದಲು ಕೇಳಿದ್ದು, "ಇಸ್ಸೆ ಕ್ಯಾ ಫಾಯ್ದಾ ಬೇಟಾ?" ವ್ಯಾಪಾರಿ ಕೇಳಬೇಕಾದ ಪ್ರಶ್ನೆಯೇ ಅದು. ಕಾಮರ್ಸ್ ಓದುವ ನಾನೂ ಇದನ್ನು ಯೋಚಿಸಿದ್ದೇನೆ. ಅಕೌಂಟೆನ್ಸಿಯಲ್ಲಿ ನಮಗೆ ಗುಡ್‌ವಿಲ್ ಪಾಠ ಇದೆ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಲೆಕ್ಕದ ಪುಸ್ತಕದಲ್ಲಿ ತೋರಿಸಬೇಕು, ತಾನಾಗಿ ಬೆಳೆದದ್ದನ್ನು ಆಸ್ತಿ ಎಂದು ಬರೆಯುವ ಹಾಗಿಲ್ಲ. ಏಕೆಂದರೆ ಅದಕ್ಕೆ ನಂಬಿಕೆಗೆ ಅರ್ಹವಾದ ಬೆಲೆ ಕಟ್ಟಲಾಗುವುದಿಲ್ಲ. ಹಾಗೆಂದು ಅದು ಇಲ್ಲ ಎಂದಲ್ಲ. ಗೆಳತಿಯ ಒಂದು ಸಾಲಿನ ಸಲಹೆ, ಲಿನಸ್‌ಗೆ ಬಂದ ಪೋಸ್ಟ್‌ಕಾರ್ಡ್, ರಜೆಯಲ್ಲಿ ಹುಟ್ಟಿದ ಪೈಥಾನ್, ಇವೆಲ್ಲ ತಾನಾಗಿ ಬೆಳೆದ ಗುಡ್‌ವಿಲ್. ಅಬ್ಬಾ ಅಂಗಡಿಯಲ್ಲಿ ಉದ್ರಿ ಬರೆಯುವುದು ಇಂದಿಗೂ ಕಾಗದದ ಖಾತೆಯಲ್ಲೇ, ಕರೆಂಟ್ ಹೋದರೂ ಅದು ತೆರೆಯುತ್ತದೆ ಎನ್ನುತ್ತಾರೆ. ಆದರೆ ಸ್ಟಾಕ್ ಪಟ್ಟಿಯನ್ನು ಈಗ ಆಪಾ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಾಳೆ. ಫಾಯ್ದಾದ ಪ್ರಶ್ನೆ ಮತ್ತೆ ಬಂದಿಲ್ಲ.

ಶುಭಾಶಯ ಕಳಿಸುವಾಗ ಎಚ್ಚರವೂ ಬೇಕು. 1987ರ ಡಿಸೆಂಬರಿನಲ್ಲಿ ಜರ್ಮನಿಯ ಒಬ್ಬ ವಿದ್ಯಾರ್ಥಿ ಒಂದು ಸಣ್ಣ ಪ್ರೋಗ್ರಾಂ ಬರೆದ. ಅದನ್ನು ಓಡಿಸಿದರೆ ಪರದೆಯ ಮೇಲೆ ಅಕ್ಷರಗಳಿಂದ ಕ್ರಿಸ್‌ಮಸ್ ಮರದ ಚಿತ್ರ ಬರುತ್ತಿತ್ತು. ಜೊತೆಗೆ, ಕೇಳದೆಯೇ, ಆ ಬಳಕೆದಾರನ ಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನ ಪ್ರತಿಯನ್ನು ಕಳಿಸಿಬಿಡುತ್ತಿತ್ತು. ವಿಶ್ವವಿದ್ಯಾಲಯಗಳ ಜಾಲದಿಂದ ಅದು ಐಬಿಎಂ ಕಂಪನಿಯ ಜಾಲಕ್ಕೂ ಹೋಗಿ ಅಲ್ಲಿನ ಕೆಲಸಕ್ಕೆ ಅಡ್ಡಿಯಾಯಿತು. ಇಂದು ಮದುವೆ ಕಾರ್ಡ್, ಹಬ್ಬದ ಕಾರ್ಡ್ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸಿ ಫೋನಿನಿಂದ ದುಡ್ಡು ಕದಿಯುವವರಿದ್ದಾರೆ. ಚಿತ್ರ ನೋಡಲು ಆ್ಯಪ್ ಇನ್‌ಸ್ಟಾಲ್ ಮಾಡಬೇಕು ಎಂದರೆ ಅದು ಶುಭಾಶಯವಲ್ಲ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿ.

ಜಗತ್ತಿನ ಮೊದಲ ಎಸ್‌ಎಂಎಸ್ ಕೂಡ ಹಬ್ಬದ ಶುಭಾಶಯವೇ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ 22 ವರ್ಷದ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ಒಂದು ಕಂಪ್ಯೂಟರಿನಿಂದ ವೊಡಾಫೋನ್ ಕಂಪನಿಯ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ 'ಮೆರಿ ಕ್ರಿಸ್‌ಮಸ್' ಎಂದು ಕಳಿಸಿದರು. ಆ ಫೋನಿನಿಂದ ತಿರುಗಿ ಸಂದೇಶ ಕಳಿಸುವ ವ್ಯವಸ್ಥೆ ಆಗ ಇರಲಿಲ್ಲ. ಈಗ ನಮ್ಮೆಲ್ಲರ ಫೋನಿನಲ್ಲೂ ಅದು ಇದೆ.

ಆದ್ದರಿಂದ ಸ್ನೇಹಿತರೇ, ಬರುವ ಹಬ್ಬಕ್ಕೆ ಯಾರಿಗಾದರೂ ಶುಭಾಶಯ ಕಳಿಸುವಾಗ ಕೆಳಗೆ ಒಂದು ಸಾಲು ನೀವೇ ಬರೆಯಿರಿ. ನಿಮ್ಮ ಹತ್ತಿರ ಕೆಟ್ಟದ್ದು ಏನಿದೆ, ಅಥವಾ ನೀವು ಸರಿಮಾಡಿದ್ದು ಏನು ಎಂದು. ಕಂಪ್ಯೂಟರೇ ಆಗಬೇಕೆಂದಿಲ್ಲ, ಹೊಲಿಗೆ ಯಂತ್ರವೂ ಆದೀತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನ ಒಂದು ಮೂಲೆಯನ್ನು ಇಂಥ ಚೀಟಿಗಳಿಗೆ ಬಿಟ್ಟುಕೊಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಮೊದಲ ಚೀಟಿ ನನ್ನದೇ: ಮಾಮು ಅಂಗಡಿಗೆ ಮತ್ತೆರಡು ಕ್ಯಾಬಿನೆಟ್ ಬಂದಿವೆ, ಒಂದರಿಂದ ಮೂರು ಸಣ್ಣ ಬೀಪ್ ಕೇಳಿಸುತ್ತದೆ, ಗೊತ್ತಿದ್ದವರು ತಿಳಿಸಿ. ರಬ್ಬರ್ ನನ್ನ ಹತ್ತಿರ ಇದೆ.