ಅಡಿಕೆಯ ಒಂದು ಪೆಟ್ಟು

ಕಾಸರಗೋಡಿನ ಒಳನಾಡಿನ ತೋಟವೊಂದರಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ಉದುರಿದ ಅಡಿಕೆ ಹೆಕ್ಕುತ್ತಿದ್ದ ಏಳನೆಯ ತರಗತಿಯ ಬಾಲಕ, ಗೊನೆ ಇಳಿಯುವುದನ್ನು ನೋಡಲೆಂದು ತಲೆಯೆತ್ತಿದ. ಕಳಚಿದ ಅಡಿಕೆಯೊಂದು ನೇರವಾಗಿ ಬಲಗಣ್ಣಿಗೆ ಬಡಿಯಿತು. ಹೊರಗೆ ಗಾಯವಿಲ್ಲ, ನೋಟಕ್ಕೆ ಮಾತ್ರ ಕೆಂಪು ಮಂಜು ಕವಿದಿತ್ತು.

ಅಜ್ಜಿ ನಂದಿಬಟ್ಟಲ ಹೂವಿನ ರಸ ಹಿಂಡಲು ಹೊರಟರು. ತಾಯಿ ತಡೆದಳು: “ಬೇಡ ಅತ್ತೆ, ಮೊದಲು ಡಾಕ್ಟರು ನೋಡಲಿ.” ಸಂಜೆಯೊಳಗೆ ಮಂಗಳೂರು ತಲುಪಿದರು.

ಕಾರ್ನಿಯಾದ ಹಿಂದೆ, ಪಾಪೆಯ ಮುಂದಿರುವ ತಿಳಿನೀರಿನ ಕೋಣೆಯಲ್ಲಿ ರಕ್ತ ಸೇರಿದೆ ಎಂದರು ವೈದ್ಯರು. ಅಲ್ಟ್ರಾಸೌಂಡ್‌ನಲ್ಲಿ ಅಕ್ಷಿಪಟಲ ಕಳಚಿಲ್ಲವೆಂದು ಖಚಿತವಾಯಿತು. ರಕ್ತ ತಾನಾಗಿ ಇಂಗಬೇಕು. ಕಣ್ಣಿನ ಒತ್ತಡ ಹತೋಟಿಗೆ ಬಾರದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಉರಿಯೂತಕ್ಕೆ, ಒತ್ತಡಕ್ಕೆ ಹನಿಗಳು, ಕಣ್ಣಿನ ಮೇಲೆ ಗಟ್ಟಿ ಕವಚ, ತಲೆ ಎತ್ತರಿಸಿ ಮಲಗುವುದು, ಆಸ್ಪಿರಿನ್ ವರ್ಜ್ಯ. ಮೊದಲ 5 ದಿನಗಳಲ್ಲಿ ಮತ್ತೆ ರಕ್ತ ಒಸರುವ ಭಯವಿತ್ತು. ಓಡುವುದೂ ಓದುವುದೂ ನಿಷಿದ್ಧವಾದ ಆ ದಿನಗಳಲ್ಲಿ ತಾಯಿಯೇ ಪಕ್ಕದಲ್ಲಿ ಕುಳಿತು ಕನ್ನಡ ಪಾಠ ಓದಿ ಹೇಳಿದಳು. ವಾರ ಕಳೆದ ಮೇಲೆ ಅದೇ ಪುಟವನ್ನು ಮಗ ಬಲಗಣ್ಣಿನಿಂದ ತಡವರಿಸುತ್ತ ಓದಿದಾಗ ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

ದೃಷ್ಟಿ ಮರಳಿತು, ಎಚ್ಚರ ಮುಗಿಯಲಿಲ್ಲ. ಕಣ್ಣಿನೊಳಗಿನ ದ್ರವ ಹರಿದುಹೋಗುವ ಮೂಲೆ ಪೆಟ್ಟಿನಿಂದ ಹಾನಿಗೊಂಡಿದ್ದರೆ, ವರ್ಷಗಳ ಬಳಿಕವೂ ಒತ್ತಡ ಏರಿ, ನೋವಿಲ್ಲದೆ ನೋಟವನ್ನು ಕಸಿಯಬಲ್ಲುದು. ಆದ್ದರಿಂದ ಪ್ರತಿವರ್ಷ ಕೊಯ್ಲಿಗೆ ಮುನ್ನ ತಾಯಿ ಮಗನನ್ನು ತಪಾಸಣೆಗೆ ಕರೆದೊಯ್ಯುತ್ತಾಳೆ. ಆ ಬೆಳಗ್ಗೆ ಅಜ್ಜಿ ನಂದಿಬಟ್ಟಲನ್ನು ಕೊಯ್ದು ದೇವರ ಮುಡಿಗೇರಿಸುತ್ತಾರೆ.