ನೆಲದ ಟಿಕೀಟು

ನಮ್ಮ ಕಡೆ ಮೋಜಿಗೂ ಪಂಚಾಂಗ ಇದೆ. ಹೋಳಿ ಹುಣ್ಣಿಮೆ ಬಂತೆಂದರೆ ಬಾಗಲಕೋಟೆ. ಹಲಗಿ ಬಡಿತಕ್ಕೆ ಓಣಿಯ ಗೋಡೆ ಅದುರಬೇಕು. ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು ಎದುರುಬದುರಾದ ಮೇಲೆ ಯಾರ ಮುಖ ಯಾರದೆಂದು ಹಡೆದವ್ವಗೂ ತಿಳಿಯಬಾರದು. ಹಳೇ ಊರಿನ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋಗಿ ಜನ ನವನಗರದ ಸೆಕ್ಟರ್ ನಂಬರುಗಳಿಗೆ ಚದುರಿದರೂ ಹಲಗಿ ಮುಳುಗಲಿಲ್ಲ. ಹುನಗುಂದದವರಿಗೆ ಕೂಡಲಸಂಗಮ ಇದೆ. ಹೊಳೆಯಲ್ಲಿ ಮುಳುಗೆದ್ದು ಬುತ್ತಿ ಬಿಚ್ಚಿದರೆ ಒಂದು ದಿನ ಕಳೆಯಿತು. ನಮ್ಮ ಇಳಕಲ್ಲಿನಲ್ಲಿ ಮಗ್ಗದ ಸಪ್ಪಳವೇ ರೇಡಿಯೋ, ಕಟ್ಟೆಯ ಹರಟೆಯೇ ವಾರ್ತೆ.

ಆದರೆ ಇವೆಲ್ಲ ಚಿಲ್ಲರೆ. ಇಡಿಗಂಟು ಮೋಜು ಅಂದರೆ ಬನದ ಹುಣ್ಣಿಮೆ, ಬಾದಾಮಿಯ ಬನಶಂಕರಿ ಜಾತ್ರೆ. ಹೊಂಡದ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡ ಅವ್ವಂದಿರ ಹತ್ತಿರ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆಯ ಗಟ್ಟಿ ಮೊಸರು. ಅದನ್ನು ತಿಂದವನಿಗೆ ಮುಂದೆ ಎರಡೇ ದಾರಿ: ಮರದ ನೆರಳಿಗೆ ಅಡ್ಡಾಗುವುದು, ಇಲ್ಲವೇ ನಾಟಕದ ಟಿಕೀಟಿಗೆ ಪಾಳಿ ಹಚ್ಚುವುದು. ಸಾಲುಸಾಲು ಕಂಪನಿಗಳ ತಗಡಿನ ಥೇಟರು, ಒಬ್ಬರ ಮೈಕಿನ ಮೇಲೆ ಇನ್ನೊಬ್ಬರ ಮೈಕು. ನಮ್ಮ ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಧುತ್ತರಗಿಯವರ ‘ಮಲಮಗಳು’ ನೋಡಿ ಅತ್ತ ಹೆಂಗಸರೇ ಹೊರಗೆ ಬಂದು ಹಾಸ್ಯಪಾತ್ರದವನ ಮಾತು ಹೇಳಿಕೊಂಡು ಬಿದ್ದುಬಿದ್ದು ನಗುತ್ತಿದ್ದರು. 1975ರಲ್ಲಿ ನಮ್ಮೂರ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಬಂದು ದುಶ್ಚಟಗಳನ್ನು ಬೇಡಿದರು. ನಮ್ಮ ಕಾಕಾ ಬೀಡಿ ಹಾಕಿ ಕೈಮುಗಿದ. ನಾಟಕದ ಚಟವನ್ನು ಸ್ವಾಮಿಗಳು ಕೇಳಲಿಲ್ಲ, ಇವನೂ ನೆನಪು ಮಾಡಿಕೊಡಲಿಲ್ಲ.

ಕಾಕಾ ಬೇರೆ ಕಂಪನಿಗಳಿಗೆ ಹೋಗುವಾಗ ಕಥೆ ಕೇಳುತ್ತಿದ್ದ, ನಾಯಕಿ ಯಾರೆಂದು ವಿಚಾರಿಸುತ್ತಿದ್ದ. ಗದಗಿನ ಪಂಚಾಕ್ಷರಿ ಗವಾಯಿಗಳ ನಾಟ್ಯ ಸಂಘ ಬಂದರೆ ಮಾತ್ರ ಏನನ್ನೂ ಕೇಳದೆ ರೊಕ್ಕ ಎಣಿಸುತ್ತಿದ್ದ. “ನಾವ್ ನೋಡಿದ್ರ ಅಲ್ಲಿ ಹುಡುಗರು ಉಣ್ತಾವು” ಎನ್ನುವುದು ಅವನ ಲೆಕ್ಕ. ಉಣ್ಣಿಸುವ ಪುಣ್ಯ ಬೇಕು, ಆದರೆ ಕುರ್ಚಿಯ ಟಿಕೀಟಿನಷ್ಟು ಪುಣ್ಯ ಅವನಿಗೆ ಹೊರೆ. ಹಾಗಾಗಿ ನಮ್ಮದು ಯಾವಾಗಲೂ ನೆಲ.

ಆ ಹುಡುಗರು ಯಾರೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಕಥೆಯ ಬೇರು ನಮ್ಮ ಮಲಪ್ರಭೆಯ ದಂಡೆಯಲ್ಲೇ ಇದೆ. ಬಾದಾಮಿಯ ಹತ್ತಿರ 1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು, ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡ ಹುಡುಗನೊಬ್ಬನ ಕೊರಳು ಕೇಳಿ ಅವನಿಗೆ ಸಂಗೀತ ಕಲಿಯುವ ಏರ್ಪಾಡು ಮಾಡಿದರು. ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು. ಕುರುಡ ಮಕ್ಕಳು, ದಿಕ್ಕಿಲ್ಲದ ಮಕ್ಕಳು ಯಾವ ಜಾತಿಯವರೇ ಬರಲಿ, ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತದ್ದು ಆಮೇಲೆ. ಸ್ವರದಿಂದ ಹೊಟ್ಟೆ ತುಂಬುವುದಿಲ್ಲವಲ್ಲ, ನಾಟಕ ಕಂಪನಿ ಹುಟ್ಟಿತು. 1944ರಲ್ಲಿ ಗುರು ತೀರಿಕೊಂಡ ಮೇಲೆ ಆ ನೊಗಕ್ಕೆ ಹೆಗಲು ಕೊಟ್ಟ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರು ಬರೆದ ‘ಶಿವಯೋಗಿ ಸಿದ್ಧರಾಮ’ ನಾಟಕ ಆಶ್ರಮದ ಒಲೆಗೆ ಕಟ್ಟಿಗೆಯಾಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಹೋದರು. ಹನ್ನೊಂದು-ಹನ್ನೆರಡು ವರ್ಷ ಆ ಅಂಗಳದಲ್ಲೇ ಉಂಡು ಮಲಗಿ ಕಲಿತ ವೆಂಕಟೇಶಕುಮಾರರ ಹಾಡು ಈಗ ದೇಶವೇ ಕೇಳುತ್ತದೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಕಂಡದ್ದು ರಂಗದ ಮುಂದೆ ತಬಲಾ ಹಿಡಿದು ಕೂತಿದ್ದ ಹುಡುಗ. ಹೆಚ್ಚುಕಡಿಮೆ ನನ್ನದೇ ವಯಸ್ಸು, ಕಣ್ಣು ಕಾಣದು, ಕುತ್ತಿಗೆ ಸ್ವಲ್ಪ ಓರೆ. ಹಾಸ್ಯದವನು ಬಾಯಿ ತೆರೆಯುವ ಮೊದಲೇ ಇವನಿಗೆ ನಗು ಬರುತ್ತಿತ್ತು. ದಿನವೂ ಕೇಳಿದ ಮಾತು, ಯಾವ ಹೆಜ್ಜೆಯ ಸಪ್ಪಳದ ಹಿಂದೆ ಯಾವ ಚೇಷ್ಟೆ ಬರುತ್ತದೆಂದು ಅವನಿಗೆ ಗೊತ್ತು. ಅವನ ಭುಜ ಕುಣಿಯತೊಡಗಿದರೆ ನಾನೂ ನಗಲು ಸಜ್ಜಾಗುತ್ತಿದ್ದೆ. ನೆಲದ ಟಿಕೀಟಿನ ದೊಡ್ಡ ಲಾಭ ಇದು. ಸೋಫಾದಲ್ಲಿ ಕೂತವರಿಗೆ ಈ ಮುನ್ಸೂಚನೆ ಇರಲಿಲ್ಲ.

ಆ ಹುಡುಗನನ್ನು ಮತ್ತೆ ನೆನಪಿಗೆ ತಂದವಳು ನನ್ನ ತಂಗಿಯ ಮಗಳು. ಸಿಂಗಪುರದಲ್ಲಿ ನೌಕರಿಯಲ್ಲಿದ್ದಾಳೆ. ಒಂದು ರಜೆಯಲ್ಲಿ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿ ಅಲ್ಲಿನ ಅನಾಥಾಲಯವೊಂದರಲ್ಲಿ ಸೇವೆ ಮಾಡಿ ಬಂದಳು. ಫೋನಿನ ತುಂಬ ಫೋಟೋ. ಆ ಮಕ್ಕಳಿಗೆ ನಮ್ಮ ಚಿಣಿಪಣಿ ಆಟ ಕಲಿಸಿದ್ದು, ಚಿಣಿ ಹಾರಿ ಅಡುಗೆಯವಳ ಅನ್ನದ ಡಬರಿಗೆ ಬಿದ್ದದ್ದು, ಅವಳು ಸೌಟು ಹಿಡಿದು ಅಟ್ಟಿಸಿಕೊಂಡು ಬಂದದ್ದು, ಇದನ್ನೆಲ್ಲ ಹೇಳುವಾಗ ನಕ್ಕೂ ನಕ್ಕೂ ಹುಡುಗಿಯ ಕಣ್ಣಲ್ಲಿ ನೀರು. ಆಮೇಲೆ ಸುಮ್ಮನಾದಳು.

“ಹೊರಡೂ ದಿನ ಒಂದ್ ಹುಡುಗಿ ಬಂದು ಅಪ್ಪಿಕೊಂಡ್ಳು ಮಾಮಾ. ಮತ್ಯಾವಾಗ ಬರ್ತಿ ಅಂತ ಕೇಳ್ತಾಳ ಅನ್ಕೊಂಡಿದ್ದೆ. ನಿನ್ನ ಹಿಂದ ಯಾರು ಬರ್ತಾರ ಅಂತ ಕೇಳಿದ್ಳು.”

ಅಲ್ಲಿಂದ ಬಂದ ಮೇಲೆ ಓದಿ ತಿಳಿದುಕೊಂಡಳಂತೆ. ಆ ದೇಶದ ಅನಾಥಾಲಯಗಳ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅಪ್ಪನೋ ಅವ್ವನೋ ಒಬ್ಬರಾದರೂ ಬದುಕಿದ್ದಾರೆ ಎಂದು ಯುನಿಸೆಫ್ 2011ರಲ್ಲೇ ಹೇಳಿತ್ತು. ಬಡತನಕ್ಕೆ ಮಕ್ಕಳನ್ನು ಬಿಡುವವರು ಒಂದು ಕಡೆ, ಪ್ರವಾಸಿಗರ ಕನಿಕರವನ್ನೇ ದಂಧೆ ಮಾಡಿಕೊಂಡವರು ಇನ್ನೊಂದು ಕಡೆ. ಮಕ್ಕಳನ್ನು ಹೀಗೆ ಅನಾಥಾಲಯಕ್ಕೆ ಸಾಗಿಸುವುದನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಲೆಕ್ಕಕ್ಕೇ ಸೇರಿಸಿತು.

ನಾನು ಬನಶಂಕರಿಯ ಕಥೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವಳು ಬಿಡಲಿಲ್ಲ. “ಅಲ್ಲೂ ಅದ ಆತಲ್ಲ ಮಾಮಾ? ಹುಡುಗರು ಬಾರಿಸ್ತಿದ್ರು, ನೀವು ರೊಕ್ಕ ಕೊಡ್ತಿದ್ರಿ.”

ಪೂರ್ತಿ ಅಲ್ಲಗಳೆಯಲಾರೆ. ಆ ಹುಡುಗನಿಗೆ ಆ ಹೊತ್ತಿಗೆ ನಿದ್ದೆ ಬೇಕಿತ್ತೋ ತಾಳ ಬೇಕಿತ್ತೋ ನಾವು ಕೇಳಿದ್ದಿಲ್ಲ. ಆದರೆ ನಮ್ಮ ಜಾತ್ರೆಯ ಜನ ಕರುಣಾಮಯಿಗಳೇನೂ ಅಲ್ಲ. ಶ್ರುತಿ ತಪ್ಪಿದರೆ ಸಿಳ್ಳು ಹೊಡೆಯುತ್ತಿದ್ದರು, ಕುರುಡ ಅನಾಥ ಎಂದು ಮಾಫಿ ಇರಲಿಲ್ಲ. ಚೆನ್ನಾಗಿ ಬಂದರೆ ಒನ್ಸ್ ಮೋರ್. ಟಿಕೀಟು ಕೊಂಡವನಿಗೆ ಅಪ್ಪಿಕೊಳ್ಳುವ ಹಕ್ಕು ಬರುತ್ತಿರಲಿಲ್ಲ, ಕೇಳುವ ಹಕ್ಕಷ್ಟೇ. ಆ ಹುಡುಗನೂ ನಮ್ಮನ್ನು ನೋಡಿ ನಗಬೇಕಾಗಿರಲಿಲ್ಲ, ತನಗೆ ನಗು ಬಂದಾಗ ನಗುತ್ತಿದ್ದ.

ನಾನು ಹೇಳಿದರೆ ಮಾಮಾನ ಭಾಷಣವಾಗುತ್ತದೆಂದು ಅವಳನ್ನು ನಮ್ಮ ಓಣಿಯ ತಬಲಾ ಮಾಸ್ತರರ ಹತ್ತಿರ ಕರೆದೊಯ್ದೆ. ಅವರೂ ಆಶ್ರಮದಲ್ಲಿ ಬೆಳೆದವರು, ಕಣ್ಣಿಲ್ಲ, ಬಾಯಿ ಜೋರು. ನೋಡಲು ಬರುವ ದೊಡ್ಡ ಮನುಷ್ಯರ ಬಗ್ಗೆ ಏನನಿಸುತ್ತಿತ್ತು ಎಂದು ಇವಳು ಅಂಜುತ್ತ ಕೇಳಿದಳು.

“ಬಾಳಿಹಣ್ಣ ಅನಸ್ತಿತ್ತವಾ” ಅಂದರು ಮಾಸ್ತರು. “ಯಾರದ ಹುಟ್ಟಹಬ್ಬ ಇರ್ಲಿ, ಯಾರದ ಪುಣ್ಯತಿಥಿ ಇರ್ಲಿ, ಬಾಳಿಹಣ್ಣ. ಆಗಸ್ಟ್ ಹದಿನೈದಕ್ಕಂತೂ ಗೊನಿಗಟ್ಲೆ. ಇವತ್ತಿಗೂ ವಾಸನಿ ಬಂದ್ರ ನನಗ ರಾಷ್ಟ್ರಗೀತಿ ನೆನಪಾಗ್ತದ.”

ಅವಳು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಮಾಸ್ತರು ಆಗಲೇ ನಗುತ್ತಿದ್ದರು. ನಿಮಗೇನಾದರೂ ಸಹಾಯ ಮಾಡಲೇನ್ರಿ ಎಂದು ಕೇಳಿದ್ದಕ್ಕೆ, “ಕಲಿಯೂದಿದ್ರ ಹೇಳು. ಫೀ ಮೊದಲ ಕೊಡಬೇಕು, ದೂರದ ಊರಿನವ್ರಿಗೆ ಡಬಲ್” ಅಂದರು.

ಈಗ ರವಿವಾರ ಮುಂಜಾನೆ ಅವರ ಕಟ್ಟೆಯ ಮೇಲೆ ಫೋನು ನಿಲ್ಲಿಸಿಕೊಡುವ ಕೆಲಸ ನನ್ನದು. ಸಿಂಗಪುರದಿಂದ ತೀನ್‌ತಾಲ್ ಬರುತ್ತದೆ, ಅರ್ಧ ನೆಟ್‌ವರ್ಕಿನಲ್ಲಿ ಉದುರಿಹೋಗಿರುತ್ತದೆ. ಉಳಿದ ಅರ್ಧಕ್ಕೆ ಮಾಸ್ತರು ಓಣಿಗೆಲ್ಲ ಕೇಳುವಂತೆ ಬೈಯುತ್ತಾರೆ. ಮೊನ್ನೆ ಸಮ್ಮು ತಪ್ಪಿದ್ದಕ್ಕೆ ಅವಳು ನೆಟ್‌ವರ್ಕಿನ ಮೇಲೆ ಹಾಕಲು ನೋಡಿದಳು. “ನೆಟ್ವರ್ಕಿಗೆ ಲಯ ಐತಿ, ನಿನಗಿಲ್ಲ. ಇನ್ನೊಮ್ಮೆ ಬಾರಸು!”