ಗೋಣಿಚೀಲಕ್ಕೆ ಹೊಡೆದು ನೋಡಿ

ಐರನ್‌ನಿಂದ ಹೊಡೆದ ಗಾಲ್ಫ್ ಚೆಂಡು ಸರಿಯಾಗಿ ಸಿಕ್ಕಾಗ ಕೈಗೆ ಏನೂ ಗೊತ್ತಾಗುವುದಿಲ್ಲ. ಆ ಹೊಡೆತದ ಸುಖ ಇರುವುದೇ ಅಲ್ಲಿ. ತಪ್ಪಿದ ಹೊಡೆತ ಬೆರಳಿನಿಂದ ಮೊಣಕೈವರೆಗೂ ಜುಮ್ಮೆನ್ನಿಸುತ್ತದೆ. ಸರಿಯಾದದ್ದು ಅಲ್ಲಿ ಚೆಂಡೇ ಇರಲಿಲ್ಲವೇನೋ ಎಂಬಂತೆ ಹಾದುಹೋಗುತ್ತದೆ. ಒಂದು ಒಣ ಸದ್ದು, ಚೆಂಡಿದ್ದ ಜಾಗದಿಂದ ಎರಡು ಬೆರಳು ಮುಂದೆ ಕಿತ್ತೆದ್ದ ಹುಲ್ಲಿನ ತುಂಡು, ಅಷ್ಟೇ. ಈಚೆಗೆ ಬೆಳಗಿನ ಹೊತ್ತು ರೇಂಜಿನಲ್ಲಿ ಈ ಸುಖ ನನಗೆ ಧಾರಾಳವಾಗಿಯೇ ಸಿಗುತ್ತಿದೆ. ಅದನ್ನು ಕೆಡಿಸುತ್ತಿರುವುದು ಪಕ್ಕದಿಂದ ಕಿವಿಗೆ ಬೀಳುವ ಒಂದು ಪಾಠ: "ಕ್ಲಬ್ ಮೇಲೆ ಹೋದಾಗ ಎಡ ಮಣಿಕಟ್ಟು ಬೋ ಆಗ್ಲೇಬೇಕು ಸಾರ್, ಡಸ್ಟಿನ್ ಥರ."

ಡಸ್ಟಿನ್ ಜಾನ್ಸನ್ ಅವರ ಎಡ ಮಣಿಕಟ್ಟು ಸ್ವಿಂಗಿನ ತುದಿಯಲ್ಲಿ ಅಂಗೈ ಕಡೆಗೆ ಮಡಚಿಕೊಳ್ಳುತ್ತದೆ (ಬೋ ಎಂದರೆ ಇದೇ), ನಿಜ. ಅವರು 2020ರ ಮಾಸ್ಟರ್ಸ್ ಅನ್ನು 268 ಹೊಡೆತಗಳಲ್ಲಿ ಮುಗಿಸಿ ದಾಖಲೆ ಬರೆದದ್ದೂ ನಿಜ. ಜಾನ್ ರಾಮ್, ಕಾಲಿನ್ ಮೊರಿಕಾವ ಕೂಡ ಹಾಗೇ ಮಡಚುತ್ತಾರೆ. ಆ ಹೊತ್ತಿನ ಚಿತ್ರವೊಂದನ್ನು ಮೊಬೈಲಿನಲ್ಲಿ ನಿಲ್ಲಿಸಿ, ಐವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂರುವ ಒಬ್ಬರಿಗೆ ತೋರಿಸಿ "ಹೀಗೆ" ಎಂದುಬಿಡುವುದು ಯಾವ ಸೀಮೆಯ ಕಲಿಸುವಿಕೆ? ರಾಮ್ ಹುಟ್ಟುವಾಗಲೇ ಅವರ ಬಲ ಪಾದ ತಿರುಚಿಕೊಂಡಿತ್ತು. ಆ ಕಾಲಿನ ಕೀಲು ಎಲ್ಲರಂತೆ ಬಾಗುವುದಿಲ್ಲ, ಹಾಗಾಗಿ ಅವರ ಸ್ವಿಂಗ್ ಮೊಟಕು. ಮಣಿಕಟ್ಟೂ ಹೆಚ್ಚು ಆಡುವುದಿಲ್ಲ, ಅದಕ್ಕೇ ಅವರು ಮಡಚುತ್ತಾರೆ. ಇದನ್ನೆಲ್ಲ ಅವರೇ 2021ರಲ್ಲಿ ಪತ್ರಕರ್ತರ ಮುಂದೆ ಬಿಡಿಸಿ ಹೇಳಿ, ದಯವಿಟ್ಟು ನನ್ನನ್ನು ನಕಲು ಮಾಡಬೇಡಿ ಎಂದರು. ಮಣಿಕಟ್ಟನ್ನು ನೋಡಿದವರು ಆ ಮಾತನ್ನೂ ಕೇಳಬೇಕಿತ್ತು.

ನಕಲಿನ ಈ ರೋಗ ಹೊಸದಲ್ಲ. 1955ರ ಆಗಸ್ಟ್‌ನಲ್ಲಿ ಬೆನ್ ಹೋಗನ್ ತಮ್ಮ ಗುಟ್ಟನ್ನು 'ಲೈಫ್' ಪತ್ರಿಕೆಗೆ ಬಿಟ್ಟುಕೊಟ್ಟರು. ಅದು ಇಂದಿನ ಫ್ಯಾಷನ್ನಿಗೆ ಪೂರಾ ಉಲ್ಟಾ. ಸ್ವಿಂಗಿನ ತುದಿಯಲ್ಲಿ ಎಡ ಮಣಿಕಟ್ಟು ಹಿಂಗೈ ಕಡೆಗೆ ಬಾಗಬೇಕು, ಅಂದರೆ ಆಟಗಾರರು ಕಪ್ ಎನ್ನುವ ಆಕಾರಕ್ಕೆ ಬರಬೇಕು. ಹೋಗನ್ ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಅವರ ಚೆಂಡು ಎಡಕ್ಕೆ ಕೊಂಡಿಯಾಗಿ ತಿರುಗಿ ಅವರ ಅನ್ನಕ್ಕೇ ಕಲ್ಲು ಹಾಕುತ್ತಿತ್ತು. ಕಪ್ ಮಾಡಿದರೆ ಕ್ಲಬ್ಬಿನ ಮುಖ ತೆರೆದುಕೊಳ್ಳುತ್ತದೆ, ಹುಕ್ ಸಾಯುತ್ತದೆ. ಆದರೆ ವಾರದ ರಜೆಯಲ್ಲಿ ಆಡುವವರಲ್ಲಿ ಹೆಚ್ಚಿನವರ ಕಾಯಿಲೆ ಹುಕ್ ಅಲ್ಲ, ಸ್ಲೈಸ್. ಮೊದಲೇ ಬಲಕ್ಕೆ ಓಡುವ ಚೆಂಡಿಗೆ ಹೋಗನ್ ಔಷಧ ಕುಡಿಸಿದರೆ ಅದು ಪಕ್ಕದ ಫೇರ್‌ವೇಗೇ ಹೋಗಿ ಬೀಳುತ್ತದೆ. ಅವತ್ತು ಎಲ್ಲರಿಗೂ ಕಪ್, ಇವತ್ತು ಎಲ್ಲರಿಗೂ ಬೋ. ರೋಗಿಯ ನಾಡಿ ಹಿಡಿದು ನೋಡುವವರು ಅವತ್ತೂ ಕಡಿಮೆ, ಇವತ್ತೂ ಕಡಿಮೆ.

ನಾಡಿ ಎಂದರೆ ಇಲ್ಲಿ ಗ್ರಿಪ್. ಎಡಗೈಯನ್ನು ಹಿಡಿಯ ಮೇಲೆ ಬಲಕ್ಕೆ ಸರಿಸಿ, ಮೂರು ಗೆಣ್ಣು ಕಾಣುವಂತೆ ಹಿಡಿದವರಿಗೆ ಸ್ವಲ್ಪ ಕಪ್ ಇದ್ದರೂ ಮುಖ ನೆಟ್ಟಗೇ ಇರುತ್ತದೆ. ಅವರು ಬೋ ಕೂಡ ಮಾಡಿದರೆ, ಸೊಂಟ ಡಸ್ಟಿನ್ ವೇಗದಲ್ಲಿ ಬಿಚ್ಚಿಕೊಳ್ಳದ ಹೊರತು ಚೆಂಡು ಎಡಗಡೆಯ ಮರಕ್ಕೇ. ಹೆಬ್ಬೆರಳನ್ನು ಹಿಡಿಯ ನೆತ್ತಿಯ ಮೇಲೇ ಇಟ್ಟು ಒಂದೇ ಗೆಣ್ಣು ಕಾಣುವಂತೆ ಹಿಡಿದವರ ಲೆಕ್ಕವೇ ಬೇರೆ. ಹಿಡಿತವನ್ನು ನೋಡದೆ ಮಣಿಕಟ್ಟನ್ನು ತಿದ್ದುವವರಿಗೆ ಹಣ ಕೊಡಬೇಡಿ ಎಂದು ಕೂಗಿ ಹೇಳಬೇಕೆನಿಸುತ್ತದೆ.

ಇನ್ನೊಂದು ಜಗಳವನ್ನೂ ಇಲ್ಲೇ ಆಡಿಬಿಡುತ್ತೇನೆ. "ಮಣಿಕಟ್ಟು ತಿರುಗಿಸಿ" ಎನ್ನುವವರು ದಯವಿಟ್ಟು ಬಲಗೈಯಿಂದ ತಮ್ಮ ಎಡ ಮುಂದೋಳನ್ನು ಮಣಿಕಟ್ಟಿನ ಪಕ್ಕದಲ್ಲೇ ಬಿಗಿಯಾಗಿ ಹಿಡಿದು, ಅಂಗೈಯನ್ನು ಬುಗುರಿಯಂತೆ ತಿರುಗಿಸಲು ನೋಡಲಿ. ತಿರುಗುವುದಿಲ್ಲ. ಎಂಟು ಪುಟ್ಟ ಮೂಳೆಗಳ ಆ ಕೀಲಿಗೆ ಗೊತ್ತಿರುವುದು ಹಿಂದೆ ಮುಂದೆ ಬಾಗುವುದು, ಹೆಬ್ಬೆರಳ ಕಡೆಗೂ ಕಿರುಬೆರಳ ಕಡೆಗೂ ವಾಲುವುದು. ತಿರುಗುವುದು ಮುಂದೋಳಿನ ಎರಡು ಮೂಳೆಗಳು, ಒಂದರ ಮೇಲೊಂದು ಹೊರಳಿ. ಕೀಲಿಗೆ ಬರದ ಕೆಲಸವನ್ನು ಅದರಿಂದ ಮಾಡಿಸಲು ಹೊರಟವರು ಕಡೆಗೆ ನೋವಿನ ಪಟ್ಟಿ ಸುತ್ತಿಕೊಂಡು ಬರುತ್ತಾರೆ.

ಕೈ ಹೊರಳಿಸುವ ಪಾಠಕ್ಕೂ ಒಂದು ಕಾಲವಿತ್ತು. ಹಿಕರಿ ಮರದ ದಾಂಡಿನ ಕ್ಲಬ್ಬುಗಳು ಬೀಸುವಾಗ ತಿರುಚಿಕೊಳ್ಳುತ್ತಿದ್ದವು. ಮುಖವನ್ನು ಸರಿಯಾದ ಹೊತ್ತಿಗೆ ನೆಟ್ಟಗೆ ತರಲು ಕೈ ಚೆನ್ನಾಗಿ ಹೊರಳಬೇಕಿತ್ತು. ಉಕ್ಕಿನ ದಾಂಡಿಗೆ ಅಮೆರಿಕದಲ್ಲಿ 1924ರಲ್ಲಿ ಒಪ್ಪಿಗೆ ಸಿಕ್ಕಿತು, ಬ್ರಿಟನ್ನಿನಲ್ಲಿ 1929ರಲ್ಲಿ. ದಾಂಡು ಬದಲಾಗಿ ನೂರು ವರ್ಷವಾಗುತ್ತ ಬಂತು, ಪಾಠ ಮಾತ್ರ ಹಿಕರಿಯದ್ದೇ.

ಚೆಂಡು ಮತ್ತು ಕ್ಲಬ್ ಜೊತೆಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಪೆಟ್ಟು ಬಿದ್ದ ಸುದ್ದಿ ಕೈಯಿಂದ ಮಿದುಳಿಗೆ ಮುಟ್ಟುವ ಮೊದಲೇ ಚೆಂಡು ಹೊರಟಿರುತ್ತದೆ. ಆ ಗಳಿಗೆಯಲ್ಲಿ ಹೋಗನ್, ಡಸ್ಟಿನ್ ಇಬ್ಬರ ಮಣಿಕಟ್ಟೂ ಒಂದೇ ಥರ. ಮೇಲೆ ಕಪ್ ಮಾಡಿದ್ದ ಹೋಗನ್ ಕೂಡ ಚೆಂಡಿನ ಹತ್ತಿರ ಬಂದಾಗ ಎಡ ಮಣಿಕಟ್ಟನ್ನು ಗುರಿಯ ಕಡೆಗೆ ಉಬ್ಬಿಸುತ್ತಿದ್ದರು. 1957ರ 'ಫೈವ್ ಲೆಸನ್ಸ್' ಪುಸ್ತಕಕ್ಕೆ ಆಂಟನಿ ರಾವಿಯೆಲಿ ಬರೆದ ಚಿತ್ರಗಳಲ್ಲಿ ಆ ಮಣಿಮೂಳೆ ಎದ್ದು ಕಾಣುತ್ತದೆ. ಮೇಲೆ ಹತ್ತು ದಾರಿ, ಕೆಳಗೆ ಬಂದು ಸೇರುವ ಜಾಗ ಒಂದೇ. ಎಲ್ಲರೂ ಆ ಹತ್ತು ದಾರಿಗಳ ಬಗ್ಗೆ ಬಡಿದಾಡುತ್ತ, ಸೇರುವ ಜಾಗದ ಬಗ್ಗೆ ಬಾಯಿ ಬಿಡುವುದಿಲ್ಲ.

ಅಲ್ಲಿಗೆ ತಲುಪದವರೆಲ್ಲ ಚೆಂಡನ್ನು ಸೌಟಿನಲ್ಲಿ ಸಾರು ಎತ್ತಿದಂತೆ ಎತ್ತಲು ಹೋಗುತ್ತಾರೆ. ಎಡ ಮಣಿಕಟ್ಟು ಕುಸಿಯುತ್ತದೆ, ಕ್ಲಬ್ಬಿನ ತಲೆ ಕೈಯನ್ನು ದಾಟಿ ಮುಂದೆ ಹೋಗುತ್ತದೆ, ಚೆಂಡಿನ ನೆತ್ತಿಗೋ ಹಿಂದಿನ ಮಣ್ಣಿಗೋ ಪೆಟ್ಟು ಬೀಳುತ್ತದೆ. ಬಹಳ ವರ್ಷ ಕ್ಯಾಡಿಯಾಗಿದ್ದ ಹಿರಿಯರೊಬ್ಬರು ಒಬ್ಬ ಹುಡುಗನಿಗೆ ಹೇಳಿದ್ದನ್ನು ಕೇಳಿದ್ದೇನೆ: "ಚೆಂಡು ಎತ್ತೋದು ನಿನ್ ಕೆಲ್ಸ ಅಲ್ಲ ಕಣಪ್ಪ. ಅದಕ್ಕೇ ಅಂತ ಕಬ್ಬಿಣಾನ ಓರೆ ಮಾಡಿ ಕೊಟ್ಟವ್ರೆ. ನೀನು ಕೆಳಕ್ಕೆ ಹೊಡಿ, ಅದು ಮೇಲಕ್ಕೋಯ್ತದೆ." ಲಾಫ್ಟ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ. ಕ್ಯಾಡಿಗಳ ಜ್ಞಾನವನ್ನು ಬೆಂಗಳೂರು ಕಡೆಗಣಿಸಬಾರದು. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಇಲ್ಲಿ ಕ್ಯಾಡಿಯಾಗಿದ್ದವರೇ.

ಆ ಜಾಗಕ್ಕೆ ತಲುಪಿಸಲು ನನ್ನ ನಂಬಿಕೆಯ ಗುರು ಗೋಣಿಚೀಲ. ಅಕ್ಕಿ ಬಂದ ಸೆಣಬಿನ ಚೀಲವೇ ಆಗಬೇಕು, ಪ್ಲಾಸ್ಟಿಕ್ ಚೀಲ ಜಾರುತ್ತದೆ. ಒಳಗೆ ಹಳೆಯ ಸೀರೆ, ಟವಲು, ಹರಿದ ಬೆಡ್‌ಶೀಟು ತುರುಕಿ, ಬಾಯಿಗೆ ಗೋಣಿದಾರದ ಹೊಲಿಗೆ ಹಾಕಿ. ಮರಳು ಮಾತ್ರ ಬೇಡವೇ ಬೇಡ. ಬಟ್ಟೆ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮರಳು ಅದನ್ನು ಮಣಿಕಟ್ಟಿಗೇ ವಾಪಸು ಕಳಿಸುತ್ತದೆ. ಚೀಲವನ್ನು ಎಡಗಾಲಿನ ಹಿಮ್ಮಡಿಯ ನೇರಕ್ಕೆ, ಹಿಂದೆ ಕಾಂಪೌಂಡ್ ಗೋಡೆಯ ಆಸರೆ ಕೊಟ್ಟು ನಿಲ್ಲಿಸಿ. ಏಳನೇ ನಂಬರ್ ಐರನ್ ತೆಗೆದುಕೊಂಡು ಸೊಂಟದ ಎತ್ತರದಿಂದ ನಿಧಾನವಾಗಿ ಹೊಡೆದು, ಕ್ಲಬ್ ಚೀಲಕ್ಕೆ ತಾಗಿದಲ್ಲೇ ನಿಂತುಬಿಡಿ. ಅಲ್ಲಾಡಬೇಡಿ. ಈಗ ಕಣ್ಣು ಇಳಿಸಿ ನೋಡಿ.

ನೋಡಬೇಕಾದದ್ದು ಗ್ಲೌಸಿನ ಹಿಂಭಾಗವನ್ನು. ಅಂಟುಪಟ್ಟಿಯ ಸುತ್ತ ಚರ್ಮ ಅಡ್ಡಡ್ಡ ನೆರಿಗೆ ಕಟ್ಟಿದ್ದರೆ ಮಣಿಕಟ್ಟು ಕುಸಿದಿದೆ. ನೆರಿಗೆಯಿಲ್ಲದೆ ಬಿಗಿಯಾಗಿ ಚಾಚಿದ್ದರೆ ಸರಿ. ಹಿಡಿಯ ತುದಿ ಕ್ಲಬ್ಬಿನ ತಲೆಗಿಂತ ಮುಂದಿರಬೇಕು, ಹಿಂಗೈ ಗೋಡೆಯನ್ನು ನೋಡುತ್ತಿರಬೇಕು, ಬಲ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇರಬೇಕು. ಈ ಕೊನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಬಲ ಮಣಿಕಟ್ಟು ಆ ಬಾಗನ್ನು ಉಳಿಸಿಕೊಂಡರೆ ಎಡದ್ದು ತಾನಾಗಿಯೇ ಚಪ್ಪಟೆಯಾಗುತ್ತದೆ. ಎರಡೂ ಕೈ ಒಂದೇ ಹಿಡಿಗೆ ಕಟ್ಟುಬಿದ್ದಿರುವಾಗ ಬೇರೆ ದಾರಿಯೇ ಇಲ್ಲ.

ಬ್ರಿಟಿಷ್ ಓಪನ್ ಅನ್ನು 1934, 1937 ಮತ್ತು 1948ರಲ್ಲಿ ಗೆದ್ದ ಹೆನ್ರಿ ಕಾಟನ್ ತಮ್ಮ ಶಿಷ್ಯರಿಂದ ಹಳೆಯ ಕಾರಿನ ಟೈರಿಗೆ ಹೊಡೆಸುತ್ತಿದ್ದರು. ಕೈಗೆ ಬುದ್ಧಿ ಬರಬೇಕು ಎಂಬುದು ಅವರ ನಂಬಿಕೆ. ಟೈರು ಪುಟಿಯುತ್ತದೆ, ಗೋಣಿಚೀಲ ಹಿಡಿದು ನಿಲ್ಲಿಸುತ್ತದೆ. ನಿಂತಲ್ಲಿ ನೋಡಿಕೊಳ್ಳಬೇಕಾದವರಿಗೆ ಚೀಲವೇ ಮೇಲು ಎಂಬುದರಲ್ಲಿ ನಾನು ಕಾಟನ್ ಅವರೊಡನೆಯೂ ವಾದಕ್ಕೆ ಸಿದ್ಧ. ಇದೇ ಕೆಲಸಕ್ಕೆಂದು ದುಬಾರಿ ಬೆಲೆಯ ಚೀಲಗಳನ್ನೂ, ಮಣಿಕಟ್ಟಿಗೆ ಕಟ್ಟುವ ಸೆನ್ಸರುಗಳನ್ನೂ ಮಾರುತ್ತಾರೆ. ಸೆನ್ಸರು ಡಿಗ್ರಿ ಲೆಕ್ಕ ಕೊಡುತ್ತದೆ, ಕೊಡಲಿ. ನೆರಿಗೆ ಕಾಣಲು ಕಣ್ಣು ಸಾಕು.

ಬೆಂಗಳೂರಿನಲ್ಲಿ ಈ ಪಾಠಕ್ಕೆ ಒಂದು ವಿಶೇಷ ತೊಡಕಿದೆ. ಇಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಆದರೆ ಊರಿನ ಮಕ್ಕಳ ಕೈ ಪಳಗಿರುವುದು ಕ್ರಿಕೆಟ್ಟಿಗೆ, ಅದರಲ್ಲೂ ಮಣಿಕಟ್ಟಿನ ಕ್ರಿಕೆಟ್ಟಿಗೆ. ಪೋಲಿಯೊ ಬಾಧಿಸಿದ ಬಲಗೈಯ ಮಣಿಕಟ್ಟಿನಿಂದಲೇ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ಚಂದ್ರಶೇಖರ್ ನಮ್ಮವರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದಾಗ ಭಾರತದ 190ರಲ್ಲಿ ಔಟಾಗದೆ 97 ಹೊಡೆದ ಜಿ.ಆರ್. ವಿಶ್ವನಾಥ್ ನಮ್ಮವರು. ಆ ಸ್ಕ್ವೇರ್ ಕಟ್ ನೆನೆದರೆ ಈಗಲೂ ನನ್ನ ಮೈ ನವಿರೇಳುತ್ತದೆ. ಚೆಂಡು ಇನ್ನೇನು ಕೀಪರ್ ಕೈ ಸೇರಿತು ಎನ್ನುವಾಗ ಮಣಿಕಟ್ಟು ಹೊರಳುತ್ತಿತ್ತು, ಚೆಂಡು ಪಾಯಿಂಟ್ ಹಿಂದೆ ಬೇಲಿ ಮುಟ್ಟುತ್ತಿತ್ತು.

ಆದರೆ ರಾಬರ್ಟ್ಸ್ ಎಸೆದ ಚೆಂಡು ತನ್ನ ವೇಗವನ್ನು ತಾನೇ ಹೊತ್ತು ತರುತ್ತಿತ್ತು. ವಿಶ್ವನಾಥ್ ಅದಕ್ಕೆ ದಿಕ್ಕು ತೋರಿಸಿದರೆ ಸಾಕಿತ್ತು. ಗಾಲ್ಫ್ ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ, ವೇಗವೆಲ್ಲ ನಾವೇ ತರಬೇಕು. ಆ ವೇಗ ಬರುವ ಬಗೆಯನ್ನು ಗಾಲ್ಫ್ ಸ್ವಿಂಗಿನ ವಿಜ್ಞಾನದ ಬಗ್ಗೆ ಬರೆದ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲೇ ವಿವರಿಸಿದ್ದಾರೆ. ಭುಜಗಳ ನಡುವೆ ಒಂದು ಕೀಲು, ಮಣಿಕಟ್ಟಿನಲ್ಲಿ ಇನ್ನೊಂದು. ಮೇಲಿನದು ತಿರುಗಿದಂತೆ ಕೆಳಗಿನದು ಎಸೆತದ ಬಲಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಡುವೆ ಕೈಹಾಕಿ ಬೇಗ ಬಿಚ್ಚಿದರೆ ವೇಗ ಚೆಂಡಿಗೆ ಮುಟ್ಟುವ ಮೊದಲೇ ಖರ್ಚಾಗಿರುತ್ತದೆ. ಕ್ರಿಕೆಟ್ ಹುಡುಗರ ಬಲಗೈ ಮಾಡುವುದು ಇದನ್ನೇ, ಮಿಡ್‌ವಿಕೆಟ್ ಕಡೆಗೆ ಫ್ಲಿಕ್ ಮಾಡಿದಂತೆ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದ ಮೇಲೆ ಈ ಊರಿನ ಎಷ್ಟೋ ಮನೆಗಳಲ್ಲಿ ಗಾಲ್ಫ್ ಮಾತು ಕೇಳುತ್ತಿದೆ. ಬ್ಯಾಟ್ ಹಿಡಿದ ಕೈಯಲ್ಲೇ ಐರನ್ ಹಿಡಿಯಲು ಬರುವ ಮಕ್ಕಳಿಗೆ ಡಸ್ಟಿನ್ ಚಿತ್ರ ತೋರಿಸಬೇಡಿ. ಅವರ ಕ್ರಿಕೆಟ್ ಕೋಚ್ ನೆಟ್ಸ್‌ನಲ್ಲಿ "ಟಾಪ್ ಹ್ಯಾಂಡ್, ಟಾಪ್ ಹ್ಯಾಂಡ್" ಎಂದು ಕೂಗುವುದನ್ನು ನೆನಪಿಸಿ. ಸ್ಟ್ರೈಟ್ ಡ್ರೈವ್‌ನಲ್ಲಿ ಬ್ಯಾಟನ್ನು ನಡೆಸುವ ಆ ಎಡಗೈಯೇ ಇಲ್ಲಿಯೂ ಮುಂದಾಳು. ಒಂಬತ್ತನೇ ನಂಬರ್ ಐರನ್ ಕೊಟ್ಟು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಸಿ, ಎಡಗೈ ಒಂದರಲ್ಲೇ ಸೊಂಟದಿಂದ ಸೊಂಟಕ್ಕೆ ಬೀಸಿಸಿ. ಮೊದಮೊದಲು ಚೆಂಡು ನೆಲ ಹಿಡಿದು ಉರುಳುತ್ತದೆ, ಉರುಳಲಿ. ಒಂಟಿ ಎಡಗೈಗೆ ಸಾರು ಎತ್ತುವ ಶಕ್ತಿಯಿಲ್ಲ, ಅದಕ್ಕೇ ಅದು ಬೇಗ ದಾರಿಗೆ ಬರುತ್ತದೆ. ಫ್ಲಿಕ್ ಅನ್ನು ಸಂಜೆಯ ಕ್ರಿಕೆಟ್ಟಿಗೆ ಇಟ್ಟುಕೊಳ್ಳಲಿ. ವಿಶ್ವನಾಥ್ ಆಡಿದ ಊರಿನ ಮಕ್ಕಳು ಅದನ್ನು ಬಿಟ್ಟೇಬಿಡಬೇಕು ಎಂದು ನಾನಂತೂ ಹೇಳಲಾರೆ.